ಯೋಜನೆಯ ಹೊತ್ತಗೆಯನ್ನಲ್ಲ, ಒಪ್ಪಂದವನ್ನು ಓದಿ

ಆಸ್ಟ್ರೇಲಿಯಾದ ಪರ್ತ್‌ನ ಗಣಿ ಕಂಪನಿಗೆ ಸೇರಿದ ಮೊದಲ ವಾರವೇ ‘ರಿಕನ್ಸಿಲಿಯೇಷನ್ ಆ್ಯಕ್ಷನ್ ಪ್ಲಾನ್’ (ಮೂಲನಿವಾಸಿಗಳೊಂದಿಗೆ ಸಂಬಂಧ ಸುಧಾರಿಸಲು ಸಂಸ್ಥೆಗಳು ಮಾಡಿಕೊಳ್ಳುವ ಯೋಜನೆ) ತರಬೇತಿಗೆ ಕೂರಿಸಿದರು, ಇದು ನಿಜವೋ ತೋರಿಕೆಯೋ ಎಂದು ಕೇಳಿದ್ದೀರಿ. ಎರಡೂ ಆಗಬಹುದು.

2006ರಿಂದ ನಡೆದುಬಂದಿರುವ ಈ ಯೋಜನೆಗೆ ಮಾನ್ಯತೆ ಕೊಡುವುದು ರಿಕನ್ಸಿಲಿಯೇಷನ್ ಆಸ್ಟ್ರೇಲಿಯಾ ಸಂಸ್ಥೆ. ರಿಯೊ ಟಿಂಟೊ ಎಂಬ ಗಣಿ ಕಂಪನಿಗೂ ಆ ಮಾನ್ಯತೆ ಇತ್ತು. ಆದರೂ 2020ರ ಮೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪಿಲ್ಬರಾ ಪ್ರದೇಶದ ಜೂಕನ್ ಕಮರಿಯಲ್ಲಿ, 46,000 ವರ್ಷಗಳ ಹಿಂದಿನಿಂದ ಜನ ಬಳಸಿದ ಕುರುಹುಗಳಿದ್ದ ಕಲ್ಲಾಸರೆಗಳನ್ನು ಕಬ್ಬಿಣದ ಅದಿರಿಗಾಗಿ ಸಿಡಿಸಿತು. ಅಲ್ಲಿ 2014ರ ಉತ್ಖನನದಲ್ಲಿ ಸುಮಾರು 4,000 ವರ್ಷ ಹಳೆಯ ಕೂದಲಿನ ಹೆಣಿಗೆ ಸಿಕ್ಕಿತ್ತು. ಅದರ ಡಿಎನ್‌ಎ ಈಗಿನ ಪುಟು ಕುಂಟಿ ಕುರ್ರಮಾ ಮತ್ತು ಪಿನಿಕುರ ಎಂಬ ಅಲ್ಲಿನ ಮೂಲನಿವಾಸಿ ಜನರೊಂದಿಗೆ ಹೊಂದುತ್ತಿತ್ತು. ಅಜ್ಜಿಯ ಜಡೆಯನ್ನು ಕೈಯಲ್ಲಿ ಹಿಡಿದಂತಲ್ಲವೇ!

ವಿಚಿತ್ರವೆಂದರೆ ಸ್ಫೋಟ ಕಾನೂನುಬದ್ಧವೇ ಆಗಿತ್ತು. ರಾಜ್ಯದ 1972ರ ಪರಂಪರೆ ಕಾಯ್ದೆಯಡಿ 2013ರಲ್ಲೇ ಅನುಮತಿ ಸಿಕ್ಕಿತ್ತು. ಆಮೇಲೆ ಹೊಸ ಸಂಗತಿ ಬೆಳಕಿಗೆ ಬಂದರೂ ಅದನ್ನು ಮರುಪರಿಶೀಲಿಸುವಂತೆ ಕೇಳಲು ಮೂಲನಿವಾಸಿಗಳಿಗೆ ದಾರಿಯಿರಲಿಲ್ಲ. ಮಾನ್ಯತೆ ರದ್ದಾಯಿತು, ಮುಖ್ಯಸ್ಥರೂ ಇಬ್ಬರು ಹಿರಿಯ ಅಧಿಕಾರಿಗಳೂ ಹುದ್ದೆ ಬಿಡಬೇಕಾಯಿತು. ಹೋದ ಕಲ್ಲಾಸರೆ ಮಾತ್ರ ಹೋಯಿತು.

ಆದ್ದರಿಂದ ಸ್ವಾಗತ ಸಮಾರಂಭ, ಗೋಡೆಯ ಚಿತ್ರ, ನೇಮಕಾತಿಯ ಗುರಿಗಳನ್ನು ನೋಡಿ ತೀರ್ಮಾನಿಸಬೇಡಿ. ತರಬೇತಿ ಕೊಡುವವರನ್ನು ನೇರವಾಗಿ ಕೇಳಿ: ಆ ನೆಲದ ಜನ ‘ಬೇಡ’ ಎಂದರೆ ಕೆಲಸ ನಿಲ್ಲುತ್ತದೆಯೇ? ಗಣಿಯ ನಕ್ಷೆ ಅವರ ಕೈಗೆ ಯಾವಾಗ ತಲುಪುತ್ತದೆ, ಅಗೆತಕ್ಕೆ ಮುಂಚೆಯೋ ಆಮೇಲೋ? ಬಹಿರಂಗವಾಗಿ ಆಕ್ಷೇಪಿಸದಂತೆ ಅವರ ಬಾಯಿ ಕಟ್ಟುವ ಷರತ್ತು ಕಂಪನಿ ಅವರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿದೆಯೇ? ಉತ್ತರ ಕೊಡಲು ತರಬೇತಿ ಕೊಡುವವರು ತಡವರಿಸಿದರೆ ನಿಮಗೆ ಅರ್ಥವಾಗುತ್ತದೆ.