ಅಣಕು ಕಾರ್ಯಾಚರಣೆ ಬರೀ ಫೋಟೋಗಾಗಿಯೇ?

ಜಾತ್ರೆ, ದಸರಾದಂಥ ಜನಜಂಗುಳಿಯ ಉತ್ಸವಗಳಿಗೆ ಮುಂಚೆ, ಅವಘಡ ನಡೆದಂತೆ ನಟಿಸಿ ಮಾಡುವ ಅಣಕು ಕಾರ್ಯಾಚರಣೆಯಿಂದ ಏನಾದರೂ ಪ್ರಯೋಜನವಿದೆಯೇ, ಇಲ್ಲ ಪತ್ರಿಕೆಯಲ್ಲಿ ಫೋಟೋ ಬರಲೆಂದು ಮಾಡುತ್ತಾರೆಯೇ ಎಂದು ಕೇಳಿದ್ದೀರಿ. ಗೃಹರಕ್ಷಕನಾಗಿ ಕೆಲವು ಸಲ ಪಾಲ್ಗೊಂಡಿದ್ದೇನೆ. ಫೋಟೋಗೆಂದೇ ಮಾಡುವುದೂ ಉಂಟು. ಒಂದು ತಪ್ಪೂ ಆಗದೆ ಚಪ್ಪಾಳೆಯಲ್ಲಿ ಮುಗಿದರೆ ಅದು ಆ ಜಾತಿಯದು.

ಒಮ್ಮೆ ನನ್ನನ್ನೇ ಗಾಯಾಳು ಮಾಡಿದ್ದರು. ಗಾಯಾಳುಗಳನ್ನು ವಿಂಗಡಿಸಲು ಬಣ್ಣದ ಚೀಟಿ ಕಟ್ಟುತ್ತಾರೆ: ತಕ್ಷಣ ಸಾಗಿಸಬೇಕಾದವರಿಗೆ ಕೆಂಪು, ಸ್ವಲ್ಪ ತಡೆದುಕೊಳ್ಳಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು. ಕಪ್ಪು ಯಾರಿಗೆಂದು ಹೇಳಬೇಕಾಗಿಲ್ಲ. ನನ್ನದು ಕೆಂಪು. ನಾಲ್ವರು ಸ್ಟ್ರೆಚರ್ ಎತ್ತಿಕೊಂಡು ಓಡಿದರು. ಸರತಿ ಸಾಲಿಗೆ ಕಟ್ಟಿದ್ದ ಬ್ಯಾರಿಕೇಡಿನ ತಿರುವಿನಲ್ಲಿ ಅದು ತಿರುಗಲೇ ಇಲ್ಲ. ವಾಪಸು ಬಂದು ತುರ್ತು ಗೇಟಿಗೆ ಹೋದರೆ ಬೀಗ. ಕೀಲಿಕೈ ಇದ್ದವನು ಚಹಾಕ್ಕೆ ಹೋಗಿದ್ದ. ಆಂಬುಲೆನ್ಸ್ ಹತ್ತಡಿ ಆಚೆ ನಿಂತಿತ್ತು, ನಾನು ಆಕಾಶ ನೋಡುತ್ತಾ ಮಲಗಿದ್ದೆ. ಅಧಿಕಾರಿಗಳ ಮುಖ ಕಪ್ಪಿಟ್ಟಿತು, ನಿಜ. ಆದರೆ ಮರುದಿನ ಆ ತಿರುವನ್ನು ಅಗಲ ಮಾಡಿದರು, ಬೀಗ ತೆಗೆದು ಗೇಟಿಗೊಬ್ಬನನ್ನು ನಿಲ್ಲಿಸಿದರು.

ಮೈದಾನಕ್ಕಿಳಿಯುವ ಮೊದಲು ಮೇಜಿನ ಮೇಲೆ ನಕ್ಷೆ ಹರಡಿ ಮಾಡುವ ತಾಲೀಮು ಇದೆ. ಪೊಲೀಸ್, ಅಗ್ನಿಶಾಮಕ, ಆರೋಗ್ಯ, ವಿದ್ಯುತ್ ಇಲಾಖೆಯವರೆಲ್ಲ ಕೂರುತ್ತಾರೆ. ಖರ್ಚಿಲ್ಲದ ಕೆಲಸ, ನನ್ನ ಮಟ್ಟಿಗೆ ಅದೇ ಮುಖ್ಯ. ಚದರ ಮೀಟರಿಗೆ ಐದಾರು ಜನ ಸೇರಿದರೆ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ಒಯ್ದತ್ತ ಹೋಗುತ್ತೇವೆ. ಅಷ್ಟಾಗುವ ಮೊದಲೇ ಪ್ರವೇಶ ನಿಲ್ಲಿಸಿ ಎನ್ನುವ ಅಧಿಕಾರ ಯಾರದು? ಈ ಒಂದು ಪ್ರಶ್ನೆ ಎತ್ತಿದರೆ ಸಾಕು, ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು, ಮರುದಿನವೇ ವಿಜಯೋತ್ಸವ; ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಷ್ಟು ಹೊತ್ತಿನಲ್ಲಿ ಯಾವ ತಾಲೀಮು ಮಾಡುವುದು?

ನಮ್ಮ ಮೈಸೂರಿನಲ್ಲಿ ತಾಲೀಮನ್ನು ತಾಲೀಮಿನಂತೆ ಮಾಡಿಸುವುದು ಆನೆಗಳಿಗೆ. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ವಾರಗಟ್ಟಲೆ ನಡೆಸುತ್ತಾರೆ. ಜಂಬೂಸವಾರಿಯ ದಿನ 21 ಕುಶಾಲತೋಪು ಸಿಡಿದಾಗ ಬೆದರಬಾರದೆಂದು ಮುಂಚೆಯೇ ಅವುಗಳ ಎದುರು ಫಿರಂಗಿ ಹಾರಿಸುತ್ತಾರೆ, ಅದೂ ಒಂದೇ ಸಲವಲ್ಲ. ಮನುಷ್ಯರ ತಾಲೀಮಿಗೆ ಸಿಗುವುದು ಅರ್ಧ ದಿನ, ಅದರಲ್ಲೂ ಅರ್ಧ ಭಾಷಣ.