ಬಾಡಿಗೆ ವಿಎಂನಲ್ಲಿ (ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ವರ್ಚುವಲ್ ಕಂಪ್ಯೂಟರ್) ಮೈನ್‌ಕ್ರಾಫ್ಟ್ ಸರ್ವರ್ ಓಡ್ತಾ ಇದೆ, ಆದರೆ ಗೆಳೆಯರಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಬರುತ್ತದೆ. ಏನು ಮಾಡಲಿ?

ನೀವು ಬರೆದ ಪ್ರಕಾರ 2 ಜಿಬಿ ರ‍್ಯಾಮ್ ಇರುವ ಉಬುಂಟು ವಿಎಂನಲ್ಲಿ ಜಾವಾ ಎಡಿಷನ್ ಸರ್ವರ್ ಹಾಕಿದ್ದೀರಿ, ಕನ್ಸೋಲ್‌ನಲ್ಲಿ ‘ಡನ್’ ಅಂತ ಬಂದಿದೆ, ಆದರೂ ಯಾರಿಗೂ ಒಳಗೆ ಬರಲು ಆಗುತ್ತಿಲ್ಲ. ಎರಡು ಸಲ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ್ದೀರಿ. ಇನ್ನು ಅಳಿಸಬೇಡಿ. ‘ಡನ್’ ಬಂತು ಅಂದರೆ ಸರ್ವರ್ ಸರಿಯಾಗಿಯೇ ಎದ್ದಿದೆ. ತೊಂದರೆ ಇರುವುದು ಅದರ ಹೊರಗೆ.

ಎರರ್ ಮೆಸೇಜ್ ಅನ್ನೇ ಸ್ವಲ್ಪ ನಿಧಾನವಾಗಿ ಓದಿ. ‘ಟೈಮ್ಡ್ ಔಟ್’ ಅಂದರೆ ಕರೆದರೂ ಆ ಕಡೆಯಿಂದ ಉತ್ತರವೇ ಬರಲಿಲ್ಲ ಅಂತ. ಸಾಮಾನ್ಯವಾಗಿ ಇದರ ಅರ್ಥ, ದಾರಿಯಲ್ಲಿ ಯಾವುದೋ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು) ಆ ಕರೆಯ ಪ್ಯಾಕೆಟ್ ಅನ್ನು ಸದ್ದಿಲ್ಲದೆ ಬಿಸಾಡಿದೆ. ಅದೇ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದಿದ್ದರೆ, ಪ್ಯಾಕೆಟ್ ಮೆಷಿನ್ ತನಕ ತಲುಪಿದೆ, ಆದರೆ ಆ ಪೋರ್ಟ್‌ನಲ್ಲಿ (ಮೆಷಿನ್‌ಗೆ ಒಳಬರುವ ನಂಬರ್ ಇರುವ ದ್ವಾರ) ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ ಅಂತ ತಿಳಿಯಬಹುದಿತ್ತು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಗಂಟೆಗಟ್ಟಲೆ ಹುಡುಕಾಟ ಉಳಿಯುತ್ತದೆ.

ಬಾಡಿಗೆ ವಿಎಂಗೆ ಬಾಗಿಲು ಎರಡು. ಒಂದು, ಕಂಪನಿಯ ವೆಬ್ ಕನ್ಸೋಲ್‌ನಲ್ಲಿರುವ ಫೈರ್‌ವಾಲ್. ಕೆಲವರು ಅದನ್ನು ಸೆಕ್ಯುರಿಟಿ ಗ್ರೂಪ್ ಅನ್ನುತ್ತಾರೆ. ಇನ್ನೊಂದು, ಉಬುಂಟು ಒಳಗಿನ ಫೈರ್‌ವಾಲ್. ಎರಡೂ ಕಡೆ ಜಾವಾ ಎಡಿಷನ್‌ನ ಪೋರ್ಟ್, ಅಂದರೆ ಟಿಸಿಪಿ 25565, ತೆರೆದಿರಬೇಕು. ತುಂಬಾ ಜನ ಒಳಗಿನದನ್ನು ತೆರೆದು ಹೊರಗಿನದನ್ನು ಮರೆಯುತ್ತಾರೆ. ಯುಎಫ್‌ಡಬ್ಲ್ಯೂ (ಉಬುಂಟು ಒಳಗಿನ ಫೈರ್‌ವಾಲ್ ಟೂಲ್) ಆಫ್ ಇದೆ ಅಂತ ನಂಬಿ ಕೂರಬೇಡಿ. ಕೆಲವು ಕಂಪನಿಗಳ ಉಬುಂಟು ಇಮೇಜ್‌ನಲ್ಲಿ ಐಪಿಟೇಬಲ್ಸ್ ಅನ್ನುವ ಫೈರ್‌ವಾಲ್ ನಿಯಮಗಳು ಮೊದಲೇ ಇರುತ್ತವೆ, ಅದನ್ನೂ ನೋಡಿ. ಯುಡಿಪಿ 19132 ಬೆಡ್‌ರಾಕ್ ಎಡಿಷನ್‌ನದ್ದು, ನಿಮಗೆ ಅದು ಬೇಡ.

ಗೆಳೆಯರಿಗೆ ಕೊಟ್ಟ ವಿಳಾಸವನ್ನೂ ಒಮ್ಮೆ ನೋಡಿ. ಅದು 10 ಅಥವಾ 192.168 ಇಂದ ಶುರುವಾದರೆ ವಿಎಂನ ಒಳ ವಿಳಾಸ, ಹೊರಗಿನವರಿಗೆ ಸಿಗುವುದಿಲ್ಲ. ಪಬ್ಲಿಕ್ ಐಪಿ ಕೊಡಿ. ಆದರೆ ಸರ್ವರ್ ಪ್ರಾಪರ್ಟೀಸ್ ಫೈಲ್‌ನಲ್ಲಿರುವ ‘ಸರ್ವರ್ ಐಪಿ’ ಸಾಲನ್ನು ಖಾಲಿ ಬಿಡಿ. ಪಬ್ಲಿಕ್ ಐಪಿ ಬಹಳ ಕಡೆ ವಿಎಂ ಮೇಲೆ ನೇರವಾಗಿ ಇರುವುದಿಲ್ಲ, ಅಲ್ಲಿ ಅದನ್ನು ಬರೆದರೆ ‘ಫೇಲ್ಡ್ ಟು ಬೈಂಡ್ ಟು ಪೋರ್ಟ್’ ಅಂತ ಸರ್ವರ್ ಏಳುವುದೇ ಇಲ್ಲ.

ಎಸ್‌ಎಸ್‌ಎಚ್ (ದೂರದಿಂದ ವಿಎಂಗೆ ಲಾಗಿನ್ ಆಗುವ ಕಿಟಕಿ) ಮುಚ್ಚಿದರೆ ಸರ್ವರ್ ನಿಲ್ಲುತ್ತದೆ ಅಂದಿರಿ. ಕಿಟಕಿ ಮುಚ್ಚಿದರೂ ಪ್ರೋಗ್ರಾಮ್ ಓಡುತ್ತಲೇ ಇರುವಂತೆ ಮಾಡುವ ಟಿಮಕ್ಸ್ ಒಳಗೆ ಓಡಿಸಿದರೆ ಸದ್ಯಕ್ಕೆ ಸಾಕು. ಆಮೇಲೆ ಸಿಸ್ಟಮ್‌ಡಿ (ಉಬುಂಟುವಿನಲ್ಲಿ ಪ್ರೋಗ್ರಾಮ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಿಕೊಳ್ಳಿ, ವಿಎಂ ರೀಬೂಟ್ ಆದರೂ ತಾನೇ ಏಳುತ್ತದೆ.

ಇನ್ನು ರ‍್ಯಾಮ್. 2 ಜಿಬಿ ಪೂರ್ತಿ ಜಾವಾಗೆ ಕೊಡಬೇಡಿ. ಹೀಪ್‌ನ (ಆಟದ ಡೇಟಾಕ್ಕಾಗಿ ನೀವು ಜಾವಾಗೆ ಗೊತ್ತುಮಾಡುವ ರ‍್ಯಾಮ್) ಹೊರಗೂ ಜಾವಾಗೆ ಜಾಗ ಬೇಕು, ಉಬುಂಟುಗೂ ಬೇಕು. ಜಾಸ್ತಿ ಕೊಟ್ಟರೆ ಉಬುಂಟುವಿನ ಒಳತಿರುಳಾದ ಕರ್ನಲ್ ಸರ್ವರ್ ಅನ್ನು ಹಠಾತ್ತನೆ ಕೊಲ್ಲುತ್ತದೆ, ಆಟದ ಲಾಗ್‌ನಲ್ಲಿ ಕಾರಣವೂ ಇರುವುದಿಲ್ಲ. 1 ಜಿಬಿಗಿಂತ ಸ್ವಲ್ಪ ಮೇಲೆ ಇಟ್ಟು, ವ್ಯೂ ಡಿಸ್ಟೆನ್ಸ್ ಅನ್ನು 10ರಿಂದ 6ಕ್ಕೆ ಇಳಿಸಿ. ಇಬ್ಬರು ಮೂವರು ಹೇಗೋ ಆಡಬಹುದು. ಐದಾರು ಜನ ಬರುವುದಾದರೆ 4 ಜಿಬಿ ತಗೊಳ್ಳಿ. ಆಗ ಸುಮ್ನೆ ಕೋರ್ ಎಣಿಸಬೇಡಿ. ಸರ್ವರ್ ಸೆಕೆಂಡಿಗೆ 20 ಟಿಕ್ (ಆಟದ ಲೋಕವನ್ನು ಒಂದು ಹೆಜ್ಜೆ ಮುಂದಿಡುವ ಕೆಲಸ) ಮುಗಿಸಬೇಕು, ಒಂದಕ್ಕೆ 50 ಮಿಲಿಸೆಕೆಂಡ್ ಮಾತ್ರ. ಆ ಕೆಲಸದ ಬಹುಪಾಲು ಒಂದೇ ಥ್ರೆಡ್ ಮೇಲೆ, ಅಂದರೆ ಒಂದು ಹೊತ್ತಿಗೆ ಒಂದೇ ಕೋರ್ ಮೇಲೆ, ಬೀಳುತ್ತದೆ. ಹಾಗಾಗಿ ನಾಲ್ಕು ನಿಧಾನದ ಕೋರ್‌ಗಿಂತ ಎರಡು ವೇಗದ ಕೋರ್ ಮೇಲು.

25565 ತೆರೆದ ದಿನವೇ ವೈಟ್‌ಲಿಸ್ಟ್ (ಪಟ್ಟಿಯಲ್ಲಿರುವವರಿಗೆ ಮಾತ್ರ ಪ್ರವೇಶ) ಆನ್ ಮಾಡಿ. ತೆರೆದ ಪೋರ್ಟ್ ಹುಡುಕುವ ಬಾಟ್‌ಗಳು ಇಡೀ ಇಂಟರ್‌ನೆಟ್ ತುಂಬಾ ಓಡಾಡುತ್ತಿರುತ್ತವೆ. ಬರುವವರ ಖಾತೆ ಅಸಲಿಯೇ ಅಂತ ಪರೀಕ್ಷಿಸುವ ‘ಆನ್‌ಲೈನ್ ಮೋಡ್’ ಟ್ರೂ ಆಗಿಯೇ ಇರಲಿ. ಸರ್ವರ್ ಅನ್ನು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸಬೇಡಿ, ಅದಕ್ಕೇ ಬೇರೆ ಯೂಸರ್ ಮಾಡಿ. 2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯಲು ಮೈನ್‌ಕ್ರಾಫ್ಟ್ ಬಳಸುವ ಲಾಗ್‌ಫೋರ್‌ಜೆ ಅನ್ನುವ ಜಾವಾ ಲೈಬ್ರರಿಯ ದೋಷ ಹೊರಬಿದ್ದಾಗ, ಚಾಟ್‌ನಲ್ಲಿ ಒಂದು ಸಾಲು ಬರೆದು ಸರ್ವರ್ ಮೆಷಿನ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಲು ಸಾಧ್ಯವಿತ್ತು. ರೂಟ್ ಆಗಿ ಓಡಿಸುತ್ತಿದ್ದವರ ಇಡೀ ಮೆಷಿನ್ ಬೇರೆಯವರ ಕೈಗೆ ಹೋಗಬಹುದಿತ್ತು. ಮೈನ್‌ಕ್ರಾಫ್ಟ್ 1.18.1ರಲ್ಲಿ ಅದನ್ನು ಸರಿಪಡಿಸಿದರು, ಅದಕ್ಕಿಂತ ಹಳೆಯದನ್ನು ಹಾಗೇ ಓಡಿಸಬೇಡಿ.

ನೀವು ಕೇಳದಿದ್ದರೂ ಬ್ಯಾಕಪ್ ಬಗ್ಗೆ ಹೇಳಲೇಬೇಕು. ನಾವು ನಾಲ್ವರು ತಿಂಗಳುಗಟ್ಟಲೆ ಕಟ್ಟಿದ ಒಂದು ಲೋಕವಿತ್ತು. ನಾನು ದಿನಾ ಬ್ಯಾಕಪ್ ತೆಗೆಯುತ್ತಿದ್ದೆ, ಆದರೆ ಅದೇ ವಿಎಂನ ಡಿಸ್ಕ್ ಮೇಲೆ. ದೊಡ್ಡ ವಿಎಂಗೆ ಹೋಗುವಾಗ ಹಳೆಯದನ್ನು ಡಿಲೀಟ್ ಮಾಡಿದೆ. ಡಿಸ್ಕ್ ಉಳಿಯುತ್ತದೆ ಅಂದುಕೊಂಡಿದ್ದೆ, ಅದೂ ಜೊತೆಗೇ ಹೋಯಿತು. ಉಳಿದ ಮೂವರಿಗೆ ಅದನ್ನು ಹೇಳಿದ ಸಂಜೆ ನನಗೆ ಇನ್ನೂ ನೆನಪಿದೆ.

ಹಾಗಾಗಿ ಕಾಪಿ ವಿಎಂನ ಹೊರಗೆ ಇರಲಿ. ಸರ್ವರ್ ಓಡುತ್ತಿರುವಾಗ ಕಾಪಿ ಮಾಡುವುದಾದರೆ ಮೊದಲು ಕನ್ಸೋಲ್‌ನಲ್ಲಿ ಸೇವ್-ಆಫ್, ಆಮೇಲೆ ಸೇವ್-ಆಲ್ ಕೊಡಿ. ವರ್ಲ್ಡ್ ಫೋಲ್ಡರ್ ಕಾಪಿ ಮುಗಿದ ಮೇಲೆ ಸೇವ್-ಆನ್ ಕೊಡಲು ಮರೆಯಬೇಡಿ. ತಿಂಗಳಿಗೊಮ್ಮೆ ಆ ಕಾಪಿಯನ್ನು ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ತೆರೆದು, ಒಳಗೆ ಹೋಗಿ, ನೀವು ಕಟ್ಟಿದ್ದೆಲ್ಲ ಅಲ್ಲೇ ಇದೆಯಾ ಅಂತ ಓಡಾಡಿ ನೋಡಿ.