ಆ ಕಣ್ಣೀರು ನಿಮಗೆ ಎಲ್ಲಿ ಸಿಕ್ಕಿತು?

ಪ್ರಿಯರೇ,

ನಮಸ್ಕಾರ. ವಾಲ್ಟರ್ ಟಲ್ ಎಂಬ ಫುಟ್‌ಬಾಲ್ ಆಟಗಾರನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹದಿನಾಲ್ಕು ಪುಟವನ್ನೂ ಕೂತಲ್ಲೇ ಮುಗಿಸಿದೆ. ರಾತ್ರಿ ಮಲಗುವ ಮುಂಚೆ ಮತ್ತೆ ಕೈಗೆತ್ತಿಕೊಂಡೆ. ಎರಡನೇ ಸಲ ಓದುವಾಗ ಸಿಟ್ಟು ಬಂತು. ಲೇಖನ ಕೆಟ್ಟದಾಗಿದ್ದರೆ ಸುಮ್ನೆ ವಾಪಸ್ ಕಳಿಸುತ್ತಿದ್ದೆ, ಸಿಟ್ಟು ಬರುತ್ತಿರಲಿಲ್ಲ. ಹಾಗಾಗಿ ಈ ಕಾಗದ.

ನಿಮ್ಮ ಕನ್ನಡ ಚೆನ್ನಾಗಿದೆ. ವಾಕ್ಯಗಳು ಎಡವುವುದಿಲ್ಲ. ಆರಿಸಿಕೊಂಡ ಮನುಷ್ಯನೂ ಬರೆಯಲು ಯೋಗ್ಯನಾದವನೇ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಈ ಅಂಕಣವನ್ನು ಬೇರೆ ಹೊಸ ಬರಹಗಾರರೂ ಓದುತ್ತಾರೆ. ಅವರಿಗಾಗಿ ಟಲ್ ಯಾರು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 1888ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಹುಟ್ಟಿದವನು. ಅಪ್ಪ ಬಾರ್ಬಡೋಸ್‌ನಿಂದ ಬಂದ ಬಡಗಿ. ಅಮ್ಮ ಕೆಂಟ್ ಕಡೆಯವಳು. ಅವನಿಗೆ ಏಳು ತುಂಬುವ ಹೊತ್ತಿಗೆ ಅಮ್ಮ ತೀರಿಕೊಂಡಳು, ಒಂಬತ್ತರಲ್ಲಿ ಅಪ್ಪನೂ ಹೋದ. ಅವನೂ ಅಣ್ಣ ಎಡ್ವರ್ಡನೂ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟರ ಅನಾಥಾಲಯ ಸೇರಿದರು. ಎಡ್ವರ್ಡನನ್ನು ಗ್ಲಾಸ್ಗೋದ ಒಂದು ಕುಟುಂಬ ದತ್ತು ತೆಗೆದುಕೊಂಡಿತು. ಅವನು ಮುಂದೆ ಹಲ್ಲಿನ ಡಾಕ್ಟರಾದ. ವಾಲ್ಟರ್ ಅನಾಥಾಲಯದಲ್ಲೇ ಉಳಿದು ಅಚ್ಚಿನ ಕೆಲಸ ಕಲಿತ. 1908ರಲ್ಲಿ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡ ಸೇರಿದ. ಮರುವರ್ಷ ಟಾಟನ್‌ಹ್ಯಾಮ್ ಹಾಟ್‌ಸ್ಪರ್, 1911ರಲ್ಲಿ ನಾರ್ಥಾಂಪ್ಟನ್ ಟೌನ್. ಮಹಾಯುದ್ಧ ಶುರುವಾದಾಗ ಫುಟ್‌ಬಾಲ್ ಆಟಗಾರರ ಪಡೆ ಅಂತಲೇ ಹೆಸರಾದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಸೇರಿದ. 1917ರ ಮೇ ತಿಂಗಳಲ್ಲಿ ಅಧಿಕಾರಿಯಾದ. 1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಸತ್ತ. ಆಗಿನ್ನೂ ಅವನಿಗೆ ಮೂವತ್ತು ತುಂಬಿರಲಿಲ್ಲ.

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬರೋಣ. 1909ರ ಅಕ್ಟೋಬರ್. ಟಾಟನ್‌ಹ್ಯಾಮ್ ತಂಡ ಬ್ರಿಸ್ಟಲ್ ಸಿಟಿ ಮೇಲೆ ಆಡಲು ಬ್ರಿಸ್ಟಲ್‌ಗೆ ಹೋಗಿದೆ. ನೀವು ಹೀಗೆ ಬರೆದಿದ್ದೀರಿ:

“ಇಡೀ ಮೈದಾನ ಒಂದೇ ಕೊರಳಾಗಿ ಅವನ ಬಣ್ಣವನ್ನು ಹೀಯಾಳಿಸಿತು. ಅವನ ಕಣ್ಣಿಂದ ಎರಡು ಹನಿ ಜಾರಿ ಹುಲ್ಲಿನ ಮೇಲೆ ಬಿದ್ದವು. ಆಕಾಶದತ್ತ ನೋಡಿ, ಅಗಲಿದ ತಾಯಿಯನ್ನು ನೆನೆದ. ಮರುಗಳಿಗೆಯೇ ಛಲ ಬಿಡದ ತ್ರಿವಿಕ್ರಮನಂತೆ ಚೆಂಡಿನ ಹಿಂದೆ ಓಡಿದ.”

ನಾಲ್ಕು ಸಾಲು. ಒಂದೊಂದಾಗಿ ನೋಡೋಣ.

ಇಡೀ ಮೈದಾನ ಅಂದಿರಿ. ಆ ದಿನ ಅಲ್ಲಿದ್ದ ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆಯ ವರದಿಗಾರ ಬರೆದದ್ದು ಇಂದಿಗೂ ಉಳಿದಿದೆ. ಇಪ್ಪತ್ತು ಸಾವಿರದ ಹತ್ತಿರ ಜನ ಸೇರಿದ್ದರು, ಬೈದವರು ಕೆಲವೇ ಮಂದಿ ಅನ್ನುತ್ತಾನೆ ಅವನು. ಅವರ ಮಾತು ಬಿಲಿಂಗ್ಸ್‌ಗೇಟ್‌ಗಿಂತ ಕೀಳು ಅನ್ನುತ್ತಾನೆ. ಬಿಲಿಂಗ್ಸ್‌ಗೇಟ್ ಅಂದರೆ ಲಂಡನ್ನಿನ ಮೀನು ಮಾರ್ಕೆಟ್, ಬೈಗುಳಕ್ಕೆ ಹೆಸರಾದ ಜಾಗ. ಈಗ ಯೋಚನೆ ಮಾಡಿ. ಕೆಲವರು ಬೈದರು. ಮಿಕ್ಕ ಹತ್ತೊಂಬತ್ತು ಸಾವಿರ ಚಿಲ್ಲರೆ ಜನ ಏನು ಮಾಡುತ್ತಿದ್ದರು? ಪಕ್ಕದಲ್ಲೇ ನಿಂತವನು ಬಾಯಿ ಮುಚ್ಚು ಅಂದನಾ, ತಲೆ ತಗ್ಗಿಸಿದನಾ, ಆಟ ನೋಡುತ್ತಾ ನಿಂತನಾ? ವರದಿಗಾರನ ಲೆಕ್ಕ ಓದಿದವನಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನೀವು ‘ಒಂದೇ ಕೊರಳಾಗಿ’ ಅಂದ ಕೂಡಲೇ ಅದು ಸತ್ತುಹೋಯಿತು. ಅಷ್ಟು ಜನರ ನಡುವೆ ನಿಂತು ಯಾರೂ ಅದನ್ನು ಕೇಳದ ಹಾಗಾಯಿತು.

ಎರಡು ಹನಿ ಜಾರಿ ಹುಲ್ಲಿನ ಮೇಲೆ ಬಿದ್ದವು. ಯಾರು ನೋಡಿದರು? ಹುಲ್ಲಿನ ಮೇಲೆ ಬಿದ್ದ ಹನಿಯನ್ನು ನೋಡಬೇಕಾದರೆ ಅವನ ಕಾಲ ಬುಡದಲ್ಲಿ ಕೂತಿರಬೇಕು. ಆ ವರದಿಗಾರನಿಗೆ ಅವತ್ತು ಕೆಂಡದಂಥ ಕೋಪ ಬಂದಿತ್ತು. ಬೈದವರನ್ನು ಪುಂಡರು ಅಂತಲೇ ಕರೆದಿದ್ದಾನೆ. ಟಲ್ ಅತ್ತಿದ್ದರೆ ಅವನು ಬರೆಯದೆ ಬಿಡುತ್ತಿದ್ದನಾ? ಅವನು ಬರೆದದ್ದೇ ಬೇರೆ. ಅವತ್ತು ಮೈದಾನದಲ್ಲಿದ್ದ ಫಾರ್ವರ್ಡ್ ಆಟಗಾರರಲ್ಲಿ ಎಲ್ಲರಿಗಿಂತ ಸಾಮರ್ಥ್ಯ ಇದ್ದವನು ಟಲ್ ಅಂತ ಬರೆದ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ. ಇಪ್ಪತ್ತೊಂದು ವರ್ಷದ ಹುಡುಗ ಅಂಥ ಬೈಗುಳ ಕೇಳುತ್ತಲೇ ಆಡಿ ಈ ಹೊಗಳಿಕೆ ಪಡೆದ. ನೀವು ಅವನ ಆಟ ಕಿತ್ತುಕೊಂಡು ಕೈಗೆ ಅಳು ಕೊಟ್ಟಿರಿ.

ತಾಯಿಯನ್ನು ನೆನೆದ. ನೆನೆದಿರಬಹುದು, ಇಲ್ಲದೆಯೂ ಇರಬಹುದು. ಆ ಗಳಿಗೆಯಲ್ಲಿ ಅವನು ಚೆಂಡು ಯಾರ ಕಾಲಲ್ಲಿದೆ ಅಂತ ನೋಡುತ್ತಿದ್ದನೇನೋ. ಅವನ ತಲೆಯೊಳಗೆ ಹೋಗುವ ಹಕ್ಕು ನಮಗಿಲ್ಲ.

ಛಲ ಬಿಡದ ತ್ರಿವಿಕ್ರಮ. ಈ ಮಾತನ್ನು ಚುನಾವಣೆಯಲ್ಲಿ ಸೋತು ಗೆದ್ದವರಿಗೆ, ಹತ್ತನೇ ಕ್ಲಾಸನ್ನು ಮೂರನೇ ಸಲಕ್ಕೆ ಪಾಸಾದವರಿಗೆ, ಎಲ್ಲರಿಗೂ ಹಾಕಿ ಹಾಕಿ ಸವೆಸಿದ್ದೇವೆ. ಟಲ್ ಅವತ್ತು ಎಲ್ಲಿ ಆಡುತ್ತಿದ್ದ? ಟಾಟನ್‌ಹ್ಯಾಮ್‌ನಲ್ಲಿ ಅವನ ಜಾಗ ಇನ್‌ಸೈಡ್ ಲೆಫ್ಟ್. ಎಡ ಅಂಚಿನವನಿಗೂ ನಡುವಿನವನಿಗೂ ಮಧ್ಯೆ ನಿಂತು ಚೆಂಡು ಹಂಚುವವನು. ಚೆಂಡಿನ ಹಿಂದೆ ಓಡುವುದಕ್ಕಿಂತ ಚೆಂಡನ್ನು ಬೇರೆಯವರ ಮುಂದಕ್ಕೆ ಓಡಿಸುವುದೇ ಆ ಜಾಗದ ಕೆಲಸ. ಇದನ್ನು ಒಂದು ವಾಕ್ಯದಲ್ಲಿ ಹೇಳಿದ್ದರೂ ಅವನು ನನ್ನ ಕಣ್ಣಿಗೆ ಕಾಣುತ್ತಿದ್ದ.

ನಾನು ಇದನ್ನೆಲ್ಲ ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಇದೆ. ಕೆಲಸ ಕಲಿಯುವ ಕಾಲದಲ್ಲಿ ನಾನೂ ಇದನ್ನೇ ಮಾಡಿದ್ದೆ.

ಆಗ ನಾನೊಂದು ಸಣ್ಣ ಊರಿನ ದಿನಪತ್ರಿಕೆಯಲ್ಲಿದ್ದೆ. ಒಂದೊಂದೇ ಅಚ್ಚಿನ ಮೊಳೆ ಆರಿಸಿ ಜೋಡಿಸುವ ಕಾಲ. ಟಲ್ ಕಲಿತದ್ದೂ ಅದೇ ಅಚ್ಚಿನ ಕೆಲಸ ಅಂತ ನಿಮ್ಮ ಲೇಖನದಲ್ಲಿ ಓದಿದಾಗ ಆ ಕೋಣೆಯ ಸೀಮೆಎಣ್ಣೆ ವಾಸನೆ ನೆನಪಾಯಿತು. ಊರಿನ ಹಳೆಯ ಪೈಲ್ವಾನರೊಬ್ಬರು ತೀರಿಕೊಂಡಿದ್ದರು. ಒಂದು ಕಾಲಂ ಬರಿ ಅಂದರು. ನಾನು ಅವರ ಮನೆಗೆ ಹೋಗಲಿಲ್ಲ, ಗರಡಿಗೂ ಹೋಗಲಿಲ್ಲ. ಮೇಜಿನ ಮುಂದೆ ಕೂತು ಬರೆದೆ. ‘ಹಾಸಿಗೆ ಹಿಡಿದ ಮೇಲೂ ಗರಡಿಯನ್ನು ನೆನೆದು ಕಂಬನಿ ಮಿಡಿಯುತ್ತಿದ್ದರು’ ಅಂತ ಕೊನೆಯ ಸಾಲು. ಮೊಳೆ ಜೋಡಿಸುತ್ತಿದ್ದ ಹಿರಿಯರು ಕೈಯಲ್ಲಿ ಕಡ್ಡಿ ಹಿಡಿದುಕೊಂಡೇ ಹೊರಗೆ ಬಂದರು. “ಈ ಕಂಬನಿ ನೀವು ನೋಡಿದ್ರಾ?” ಅಂದರು. ನಾನು ಉತ್ತರ ಕೊಡಲಿಲ್ಲ. ಅವರು ಒಳಗೆ ಹೋಗಿ ಜೋಡಿಸಿದರು.

ಎರಡು ದಿನ ಬಿಟ್ಟು ಪೈಲ್ವಾನರ ಮಗಳು ಕಚೇರಿಗೆ ಬಂದರು. ಪತ್ರಿಕೆ ನಾಲ್ಕು ಮಡಿಕೆಯಾಗಿ ಕೈಯಲ್ಲಿತ್ತು. ಗದರಲಿಲ್ಲ. “ಅಪ್ಪ ಅತ್ತಿದ್ದನ್ನ ನಾವ್ಯಾರೂ ನೋಡಿಲ್ಲ ಸಾರ್. ಕೊನೇ ವಾರದವರೆಗೂ ದಿನಾ ಬೆಳಿಗ್ಗೆ ‘ಮಟ್ಟಿಗೆ ನೀರು ಹಾಕಿದ್ರಾ’ ಅಂತ ಕೇಳ್ತಿದ್ರು. ಇಷ್ಟೇ. ನೀವು ಬಂದು ಕೇಳಿದ್ರೆ ಹೇಳ್ತಿದ್ವಿ” ಅಂದರು. ಮಟ್ಟಿಗೆ ನೀರು ಹಾಕಿದ್ರಾ! ಮಲಗಿದ ಮನುಷ್ಯ, ಕುಸ್ತಿ ಬಿಟ್ಟು ಎಷ್ಟೋ ವರ್ಷ ಆದವರು, ಗರಡಿಯ ಮಣ್ಣು ಒಣಗಿದೆಯೇನೋ ಅಂತ ದಿನಾ ಕೇಳುತ್ತಿದ್ದರು. ಆ ಸಾಲು ಅರ್ಧ ಮೈಲಿ ದೂರದಲ್ಲಿತ್ತು. ನಾನು ಎದ್ದು ಹೋಗಿರಲಿಲ್ಲ. ಇಷ್ಟು ವರ್ಷವಾದರೂ ಆ ನಾಚಿಕೆ ಹೋಗಿಲ್ಲ.

ನೀವು ಫೋಕ್‌ಸ್ಟನ್‌ಗೆ ಹೋಗಲಾರಿರಿ, ಗೊತ್ತು. ಆದರೆ ನಿಮ್ಮ ‘ಮಟ್ಟಿಗೆ ನೀರು’ ಈಗಾಗಲೇ ನಿಮ್ಮ ಹತ್ತಿರವೇ ಇದೆ. ಬ್ರಿಸ್ಟಲ್ ಪಂದ್ಯವಾಗಿ ಸ್ವಲ್ಪ ದಿನಕ್ಕೇ ಟಲ್ ಮೊದಲ ತಂಡದಿಂದ ಹೊರಗಾದ. ಟಾಟನ್‌ಹ್ಯಾಮ್‌ಗೆ ಅವನು ಆಡಿದ ಲೀಗ್ ಪಂದ್ಯ ಒಟ್ಟು 10, ಹೊಡೆದ ಗೋಲು 2. ಈ ಎರಡು ಅಂಕಿ ನಿಮ್ಮ ಐದನೇ ಪುಟದಲ್ಲಿ ಆವರಣದೊಳಗೆ ಮುದುಡಿ ಕೂತಿವೆ. ಅವನ್ನು ಹೊರಗೆ ತನ್ನಿ. ಪಕ್ಕದಲ್ಲೇ ನಾರ್ಥಾಂಪ್ಟನ್ ಇಡಿ. ಅಲ್ಲಿನ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್, ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಮೇಲಕ್ಕೆ ತಂದವನು, ಟಾಟನ್‌ಹ್ಯಾಮ್‌ಗೆ ಬೇಡವಾದವನನ್ನು ಕರೆದುಕೊಂಡ. ಅಲ್ಲಿ ಟಲ್ ಹಾಫ್‌ಬ್ಯಾಕ್ ಆದ, ಅಂದರೆ ಫಾರ್ವರ್ಡ್‌ಗಳ ಹಿಂದೆ ನಿಂತು ಆಡುವವನು, ನೂರಕ್ಕೂ ಜಾಸ್ತಿ ಪಂದ್ಯ ಆಡಿದ. ಹತ್ತು ಒಂದು ಕಡೆ, ನೂರು ಒಂದು ಕಡೆ. ಓದುಗ ತಾನೇ ನಿಂತು ನೋಡುತ್ತಾನೆ.

ಸಾವಿನ ಪುಟದಲ್ಲೂ ಇದೇ ತಪ್ಪು. “‘ಅಮ್ಮಾ’ ಎನ್ನುತ್ತಾ ಕೊನೆಯುಸಿರೆಳೆದ” ಅಂತ ಬರೆದಿದ್ದೀರಿ. ಅವನ ಜೊತೆಗಿದ್ದ ಅಧಿಕಾರಿಯೊಬ್ಬ ಅಣ್ಣ ಎಡ್ವರ್ಡನಿಗೆ ಬರೆದ ಕಾಗದ ಉಳಿದಿದೆ. ಗುಂಡು ತಾಗಿ ತಕ್ಷಣವೇ ಜೀವ ಹೋಯಿತು ಅನ್ನುತ್ತದೆ ಅದು. ಮಾತಾಡಲು ಸಮಯವೇ ಇರಲಿಲ್ಲ. ಇನ್ನೊಂದು ಸಂಗತಿಯನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಗುಂಡಿನ ಮಳೆಯಲ್ಲೇ ಅವನ ದೇಹವನ್ನು ತರಲು ಸೈನಿಕರು ನೋಡಿದರು, ಆಗಲಿಲ್ಲ. ಅವರಲ್ಲೊಬ್ಬ ಟಾಮ್ ಬಿಲ್ಲಿಂಗಮ್, ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದವನು. ದೇಹ ಕೊನೆಗೂ ಸಿಗಲಿಲ್ಲ, ಅರಾಸ್‌ನ ಸ್ಮಾರಕದ ಗೋಡೆ ಮೇಲೆ ಹೆಸರಿದೆ. ಒಬ್ಬ ಗೋಲ್‌ಕೀಪರ್ ಒಬ್ಬ ಹಾಫ್‌ಬ್ಯಾಕನ್ನು ಎಳೆದು ತರಲು ಹೋದ. ಇದು ಸಿಕ್ಕಿರುವಾಗ ‘ಅಮ್ಮಾ’ ಯಾಕೆ ಬೇಕಿತ್ತು?

ಇನ್ನು ‘ಮೊದಲಿಗ’ ಅನ್ನುವ ಪದ. ಹದಿನಾಲ್ಕು ಪುಟದಲ್ಲಿ ಒಂಬತ್ತು ಸಲ ಬಂದಿದೆ, ಎಣಿಸಿದೆ. ಇಂಗ್ಲೆಂಡಿನ ಮೊದಲ ಕಪ್ಪು ವೃತ್ತಿಪರ ಆಟಗಾರ ಅಂತ ಅವನನ್ನು ಕರೆದಿದ್ದೀರಿ. ಅಲ್ಲ. ಇವತ್ತಿನ ಘಾನಾದ ಅಕ್ರಾದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ 1889ರಲ್ಲೇ ರಾಥರಮ್ ಟೌನ್‌ಗೆ ಸಂಬಳಕ್ಕೆ ಆಡುತ್ತಿದ್ದ ಗೋಲ್‌ಕೀಪರ್. 1930ರಲ್ಲಿ ಸತ್ತ ಮೇಲೆ 1997ರವರೆಗೆ ಅವನ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ. ನಿಮ್ಮ ಒಂದು ಪದ ಅವನನ್ನು ಮತ್ತೆ ಮಣ್ಣು ಮಾಡಿತು. ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ ಅನ್ನುವುದೂ ನಿಲ್ಲುವುದಿಲ್ಲ. ಜಮೈಕಾದಲ್ಲಿ ಹುಟ್ಟಿದ ಜಾರ್ಜ್ ಬೆಮಂಡ್ 1915ರಲ್ಲೇ ಅಧಿಕಾರಿಯಾಗಿದ್ದ. ಯುರೋಪಿಯನ್ ಮೂಲದವರಲ್ಲದವರು ಅಧಿಕಾರಿಗಳಾಗಬಾರದು ಅನ್ನುವ ನಿಯಮ ಇದ್ದ ಸೇನೆಯಲ್ಲಿ ಅನಾಥಾಲಯದ ಹುಡುಗನೊಬ್ಬ ಬಿಳಿಯ ಸೈನಿಕರಿಗೆ ಹುಕುಂ ಕೊಡುವ ಜಾಗಕ್ಕೆ ಬಂದ. ಇಟಲಿಯ ಪಿಯಾವೆ ನದಿ ದಾಟಿ ತನ್ನ ಜನರನ್ನು ಕರೆದುಕೊಂಡು ಹೋಗಿ ಬಂದದ್ದಕ್ಕೆ ಮೇಜರ್ ಜನರಲ್ ಒಬ್ಬ ಹೊಗಳಿ ಬರೆದ. ಅವನು ಮೊದಲನೆಯವನೋ ಮೂರನೆಯವನೋ, ಇದರಲ್ಲಿ ಒಂದಕ್ಷರ ಕಮ್ಮಿಯಾಗುವುದಿಲ್ಲ. ಒಂಬತ್ತು ಕಡೆಯೂ ತೆಗೆಯಿರಿ.

ಮಿಕ್ಕ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಒಂದು ಸಾಲು ಮಾತ್ರ ಮುಟ್ಟಬೇಡಿ. ಎರಡನೇ ಪುಟದ ಕೊನೆಯಲ್ಲಿ “ಎಡ್ವರ್ಡ್ ಗ್ಲಾಸ್ಗೋಗೆ ಹೋದ, ವಾಲ್ಟರ್ ಉಳಿದ” ಅಂತ ಬರೆದು ನಿಲ್ಲಿಸಿದ್ದೀರಿ. ಅಲ್ಲಿ ನೀವು ಯಾರನ್ನೂ ಅಳಿಸಿಲ್ಲ. ನನಗೆ ಮಾತ್ರ ಗಂಟಲು ಕಟ್ಟಿತು.

ಲೇಖನವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲ್ ಗುರುತುಗಳು ನಾಲ್ಕನೇ ಪುಟದಲ್ಲಿ ಜಾಸ್ತಿ ಇವೆ, ಬೇಜಾರು ಮಾಡಿಕೊಳ್ಳಬೇಡಿ. ತಿದ್ದಿ ಬರೆದು ಕಳಿಸಿ, ನಾನೇ ಮೊದಲು ಓದುತ್ತೇನೆ. ಬಿಲ್ಲಿಂಗಮ್‌ನನ್ನು ಮರೆಯಬೇಡಿ.

ನಿಮ್ಮ,
ಸಂಪಾದಕ